ತಾನಾಗಿ ಸರಿಯಾದ ತಂತಿ: ಮಗಳಿಗೊಂದು ಪತ್ರ

ಮಲ್ಪೆ,
ಜುಲೈ ಕೊನೆಯ ವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಗಲೂ ರಾತ್ರಿ ಹೊಯ್ಯುತ್ತಾ ಉಂಟು. ಜೂನ್ 1ರಿಂದ ಕಟ್ಟಿಹಾಕಿದ ಬೋಟುಗಳು ಇನ್ನೇನು ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು. 61 ದಿನ ಸುಮ್ಮನಿದ್ದವರಿಗೆಲ್ಲ ಈಗ ಒಮ್ಮೆಲೇ ವೈರಿಂಗ್ ಆಗಬೇಕು. ಬೆಳಿಗ್ಗೆ ಏಳಕ್ಕೆ ಧಕ್ಕೆಗೆ ಹೋದರೆ ಮನೆಗೆ ಬರುವಾಗ ರಾತ್ರಿ ಒಂಬತ್ತು. ಆದರೂ ಇವತ್ತು ಊಟ ಮುಗಿಸಿ ಬರೆಯಲು ಕೂತೆ. ನೀನು ಗೆಳೆಯರ ಜೊತೆ ಸೇರಿ ಕಟ್ಟುತ್ತಿರುವ ವಿಮಾನದ ಬಗ್ಗೆ ಮೊನ್ನೆ ಕಳಿಸಿದ ಎರಡು ಸಾಲು ನನಗೆ ನಿದ್ದೆ ಬರಿಸುತ್ತಿಲ್ಲ. "ಅಪ್ಪಾ, ಟ್ರಿಮ್ ಸರಿಯಾಯ್ತು. ಸ್ಟಿಕ್ ಸ್ವಲ್ಪ ಅಲ್ಲಾಡಿಸಿದೆವು, ಆಮೇಲೆ ಒಂದು ಸಲವೂ ಕೈಕೊಡಲಿಲ್ಲ. ಶನಿವಾರ ನೆಲದ ಹಲಗೆ ಮುಚ್ಚುತ್ತೇವೆ" ಅಂತ ಬರೆದಿದ್ದೀ.

ಮುಚ್ಚಬೇಡ ಮಗಾ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತೀ, ಆಚೆ ನಿನ್ನ ಗೆಳೆಯರು ಡ್ರಿಲ್ ಹೊಡೆಯುತ್ತಿರುತ್ತಾರೆ, ಅರ್ಧ ಮಾತು ಗಾಳಿಗೆ ಹೋಗುತ್ತದೆ. ಇದನ್ನು ಬರೆದು ಮುಗಿಸಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತೇನೆ. ಶನಿವಾರಕ್ಕೆ ಮೊದಲು ಎರಡು ಸಲ ಓದು.

ನಾನು ವಿಮಾನದ ಒಳಗೆ ಒಂದು ಸ್ಕ್ರೂ ತಿರುಗಿಸಿದವನಲ್ಲ. ಆದರೆ ನೀನು ಟ್ರಿಮ್ ಎಂದರೇನು ಎಂದು ಹೇಳಿದ ದಿನವೇ ನನಗೆ ಅರ್ಥವಾಗಿತ್ತು. ಬೋಟು ಒಂದೇ ಕಡೆಗೆ ಎಳೆಯುತ್ತಿದ್ದರೆ ಅದನ್ನು ನಡೆಸುವ ತಾಂಡೇಲನ ತೋಳು ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ಸೋಲುತ್ತದೆ. ನಿನ್ನ ವಿಮಾನದ ಬಾಲದಲ್ಲಿ, ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರಿನ ಅಂಚಿಗಿರುವ ಆ ಸಣ್ಣ ರೆಕ್ಕೆ ಆ ಭಾರವನ್ನು ಕೈಯಿಂದ ಇಳಿಸುತ್ತದೆ. ಅದನ್ನು ತಿರುಗಿಸಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಸರ್ವೋ, ಅಂದರೆ ಮೋಟಾರಿನ ಪೆಟ್ಟಿಗೆ, ಅದಕ್ಕೆ 12 ವೋಲ್ಟು. 12 ವೋಲ್ಟು ಮಲ್ಪೆಯಲ್ಲೂ ಅದೇ, ನೀನಿರುವಲ್ಲೂ ಅದೇ.

ನೀನು ಕಳಿಸಿದ ವೈರಿಂಗಿನ ಚಿತ್ರವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹಾಸಿದ್ದೇನೆ. ಎರಡು ರಿಲೇ, ಅಂದರೆ ಕರೆಂಟಿನಿಂದಲೇ ಓಡುವ ಸ್ವಿಚ್, ಉಂಟು. ವಿಮಾನ ನಡೆಸುವ ಹಿಡಿಕೋಲು, ಅದೇ ಸ್ಟಿಕ್ಕು, ಅದರ ಬಟನ್ ಯಾರೂ ಒತ್ತದಿರುವಾಗ ಮೋಟಾರಿನ ಎರಡೂ ಬಿಳಿ ತಂತಿಗಳು ರಿಲೇಗಳ ಮೂಲಕ ಅರ್ಥ್‌ನಲ್ಲೇ ಕೂತಿರುತ್ತವೆ. ಮೂಗು ಕೆಳಗೆ ಎಂದು ಒತ್ತಿದರೆ ಒಂದು ರಿಲೇ ತನ್ನ ತಂತಿಯನ್ನು 12 ವೋಲ್ಟಿಗೆ ಎತ್ತುತ್ತದೆ, ಇನ್ನೊಂದು ತಂತಿ ಅರ್ಥ್‌ನಲ್ಲೇ ಉಳಿಯುತ್ತದೆ, ಮೋಟಾರು ತಿರುಗುತ್ತದೆ. ಮೂಗು ಮೇಲೆ ಎಂದರೆ ಇದೇ ಕೆಲಸ ಅದಲುಬದಲು. ಬಹಳ ಅಚ್ಚುಕಟ್ಟು. ಎರಡು ಸ್ಟಿಕ್ಕಿನವರೂ ಒಂದೇ ಸಲ ವಿರುದ್ಧ ಬಟನ್ ಒತ್ತಿದರೂ ಎರಡು ತಂತಿಯೂ 12 ವೋಲ್ಟಿಗೇ ಹೋಗುತ್ತವೆ, ಮೋಟಾರು ನಿಲ್ಲುತ್ತದೆ ಅಷ್ಟೆ. ಶಾರ್ಟ್ ಆಗುವುದಿಲ್ಲ. ಇದನ್ನು ಬಿಡಿಸಿದವರ ಬಗ್ಗೆ ನನಗೆ ಗೌರವ ಬಂತು.

ಈಗ ನಿನ್ನ ತೊಂದರೆ ನೋಡು. ಎಡಗಡೆ ಸ್ಟಿಕ್ಕಿನಿಂದ ಮೂಗು ಕೆಳಗೆ ಹೋಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಒಂದು ದಿಕ್ಕಿಗೆ ತಿರುಗಿದ ಮೋಟಾರು ಸತ್ತಿಲ್ಲ. ಅದರ ಬಿಳಿ ತಂತಿಗಳೂ ತುಂಡಾಗಿಲ್ಲ, ಫ್ಯೂಸೂ ಹೋಗಿಲ್ಲ. ಸರ್ವೋದೊಳಗೆ ಕೊನೆಗೆ ಬಂದಾಗ ಮೋಟಾರು ನಿಲ್ಲಿಸುವ ಸ್ವಿಚ್ ಇದ್ದರೆ ಅದೊಂದು ಮಾತ್ರ ಒಂದೇ ದಿಕ್ಕನ್ನು ಕಟ್ಟಿಹಾಕಬಲ್ಲದು. ಆದರೆ ನೀನು ಮಾತಿನ ನಡುವೆ ಇನ್ನೊಂದು ಹೇಳಿದ್ದೆ, ನಿನಗೆ ನೆನಪುಂಟೋ ಇಲ್ಲವೋ: ಬಲಗಡೆ ಸ್ಟಿಕ್ಕಿನಿಂದ ಒತ್ತಿದರೆ ಮೂಗು ಮೇಲೆ ಬರುತ್ತಿತ್ತು. ಆ ಒಂದು ಮಾತಿನಿಂದ ಸರ್ವೋ, ಆ ಸ್ವಿಚ್, ಎರಡು ರಿಲೇ ಎಲ್ಲವೂ ನಿರಪರಾಧಿಗಳಾದವು. ಎಡಗಡೆಯ ಅರ್ಥ್ ಕೂಡ ಸರಿ ಇರಲೇಬೇಕು, ಇಲ್ಲದಿದ್ದರೆ ಅಲ್ಲಿಂದ ಕೆಳಗೆ ಹೋಗುವುದೂ ಆಗುತ್ತಿರಲಿಲ್ಲ. ಉಳಿದದ್ದು ಎರಡೇ. ಎಡ ಹಿಡಿಯೊಳಗಿನ ಆ ಒಂದು ಬಟನ್, ಅಥವಾ ಅದರಿಂದ ರಿಲೇಗೆ ಹೋಗುವ ಒಂದೇ ಒಂದು ತಂತಿ. ಹೊಸ ಸರ್ವೋ ತರಿಸುವ ಮಾತನ್ನು ನಿನ್ನ ಗೆಳೆಯರಿಗೆ ಬಿಡಲು ಹೇಳು. ದುಡ್ಡು ಹೋಗುವುದು ಇರಲಿ, ಸರಿ ಇದ್ದದ್ದನ್ನು ಬಿಚ್ಚಿದರೆ ಹೊಸದೊಂದು ತಪ್ಪು ಒಳಗೆ ಬರುತ್ತದೆ.

ಸ್ಟಿಕ್ ಅಲ್ಲಾಡಿಸಿದಾಗ ಸರಿಯಾಯ್ತು ಎಂದರೆ ನನ್ನ ಅನುಮಾನ ತಂತಿಯ ಮೇಲೆ. ಆ ತಂತಿ ಸ್ಟಿಕ್ಕಿನ ಕೊಳವೆಯೊಳಗಿಂದ ಇಳಿದು, ಬುಡದಲ್ಲಿ ಹೊರಗೆ ಬಂದು ನೆಲದಡಿಗೆ ಹೋಗುತ್ತದೆ ಅಲ್ವಾ? ಸ್ಟಿಕ್ ತಿರುಗಿದಾಗಲೆಲ್ಲ ಅದು ಮಡಚುವುದು ಆ ಬುಡದಲ್ಲೇ. ಹೊರಗಿನ ಸಿಪ್ಪೆ ನೆಟ್ಟಗಿದ್ದೂ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ತುಂಡಾದ ತುದಿಗಳು ಒಂದಕ್ಕೊಂದು ತಾಗಿದರೆ ಕೆಲಸ ಮಾಡುತ್ತದೆ, ಸರಿದರೆ ಇಲ್ಲ. ನೀವು ಅಲ್ಲಾಡಿಸಿದಾಗ ತಾಗಿತು. ಅಷ್ಟೇ ಆದದ್ದು.

ಮೇಲೆ ಬಾರದಿದ್ದರೆ ಕೈಯಲ್ಲೇ ಎಳೆದು ಹಾರಿಸಬಹುದು ಎಂದು ನೀನು ಹೇಳಬಹುದು. ನಿಜ, ಅದಕ್ಕೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಿನ್ನ ಚಿತ್ರವನ್ನು ಇನ್ನೊಮ್ಮೆ ನೋಡು. ಬಟನ್ ಮಾಡುವ ಕೆಲಸ ಏನು? ರಿಲೇಯ ಕಾಯಿಲನ್ನು ಅರ್ಥ್‌ಗೆ ಸೇರಿಸುವುದು. ಹಾಗಾದರೆ ಇವತ್ತು ಒಳಗೆ ತುಂಡಾದ ತಂತಿಯ ಸಿಪ್ಪೆ ನಾಳೆ ಕೊಳವೆಯ ಅಂಚಿಗೆ ಉಜ್ಜಿ ಹರಿದರೆ ಏನಾಗುತ್ತದೆ? ಕೊಳವೆಯೇ ಅರ್ಥ್. ತಾಮ್ರ ಅದಕ್ಕೆ ತಾಗಿದ ಕೂಡಲೇ ಯಾರೋ ಬಟನ್ ಒತ್ತಿ ಹಿಡಿದ ಹಾಗೆ. ಟ್ರಿಮ್ ತನ್ನಷ್ಟಕ್ಕೇ ಕೊನೆಯವರೆಗೂ ಓಡುತ್ತದೆ. ಅದೂ ನೆಲ ಹತ್ತಿರ ಇರುವಾಗ, ನಿನ್ನ ಕೈ ಬೇರೆ ಕೆಲಸದಲ್ಲಿರುವಾಗ. ದೊಡ್ಡ ವಿಮಾನಗಳಲ್ಲಿ ಟ್ರಿಮ್ ಪೈಲಟ್ ಹೇಳದೆ ಓಡಿದರೆ ಏನಾಗುತ್ತದೆ ಎಂದು 2018ರ ಅಕ್ಟೋಬರಿನಲ್ಲೂ 2019ರ ಮಾರ್ಚಿನಲ್ಲೂ ಜಗತ್ತು ನೋಡಿತು. ಎರಡು 737 ಮ್ಯಾಕ್ಸ್ ವಿಮಾನಗಳು, 346 ಜನ. ಅಲ್ಲಿ ಕಾರಣ ತಂತಿಯಲ್ಲ, ಒಂದೇ ಸೆನ್ಸರಿನ ತಪ್ಪು ಮಾತನ್ನು ನಂಬಿದ ಕಂಪ್ಯೂಟರು. ಆದರೆ ಮೂಗನ್ನು ಕೆಳಗೆ ಒತ್ತುತ್ತಾ ಹೋದದ್ದು ಟ್ರಿಮ್ಮೇ.

ನಿನಗೆ ನಾನು ಈವರೆಗೆ ಹೇಳದ ಒಂದು ಸಂಗತಿ ಉಂಟು. ನೀನು ಆಗ ಐದನೇ ಕ್ಲಾಸು. ಒಂದು ಟ್ರಾಲ್ ಬೋಟಿನ ಅಡಿಯ ನೀರು ಹೊರಹಾಕುವ ಪಂಪು ಓಡುತ್ತಿಲ್ಲ ಎಂದು ಕರೆದರು. ಪಂಪು ಬಿಚ್ಚಿ ತಂತಿಯ ತುದಿಯಲ್ಲಿ ಮೀಟರ್ ಇಟ್ಟರೆ 12.6 ವೋಲ್ಟು, ಜೋಡಿಸಿದರೆ ಪಂಪು ಮಾತ್ರ ಮೌನ. ತಂತಿ ಹುಡುಕುತ್ತಾ ಒಮ್ಮೆ ಎಳೆದೆ, ಪಂಪು ಓಡಿತು. ನಾಲ್ಕೈದು ಸಲ ಹಾಕಿ ತೆಗೆದು ನೋಡಿದೆ, ಓಡಿತು. ಸಂಜೆಯಾಗಿತ್ತು, ಇನ್ನೆರಡು ಬೋಟು ಕಾಯುತ್ತಿದ್ದವು. ಟೇಪು ಸುತ್ತಿ, ಆಯ್ತು ಎಂದು ಹೇಳಿ ಬಂದೆ. ಬೆಳಗಿನ ಜಾವ ಮೂರಕ್ಕೆ ಬೋಟು ಹೊರಟಿತು. ಎರಡನೇ ರಾತ್ರಿ ಪಂಪು ನಿಂತಿತು. ಏಳು ಜನ ಬೆಳಗಾಗುವವರೆಗೆ ಬಕೆಟಿನಲ್ಲಿ ನೀರು ಎತ್ತಿ ಹಾಕಿದರು, ಇನ್ನೊಂದು ಬೋಟು ಎಳೆದು ತಂದಿತು. ಎಲ್ಲರೂ ಬಂದರು. ತಾಂಡೇಲ ಅಂಗಡಿಗೆ ಬಂದು ಆ ತಂತಿಯ ಲಗ್ಗನ್ನು, ಅಂದರೆ ತುದಿಗೆ ಕಚ್ಚಿಸಿದ ಲೋಹದ ತುಂಡನ್ನು, ಮೇಜಿನ ಮೇಲಿಟ್ಟ. ಒಂದು ಮಾತೂ ಆಡದೆ ಹೋದ. ಕತ್ತರಿಸಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು, ಜೀವ ಇದ್ದದ್ದು ಎರಡು ಎಳೆಗೆ. ಮೀಟರಿಗೆ ಬೇಕಾದ ಕರೆಂಟು ಎಷ್ಟು? ಹನಿಯೂ ಅಲ್ಲ. ಎರಡು ಎಳೆ ಸಾಕು ಅದಕ್ಕೆ, 12.6 ಎಂದು ತೋರಿಸಲು. ಪಂಪಿಗೆ ಸಾಲುವುದಿಲ್ಲ.

ಅಂದಿನಿಂದ ನಾನು ಮೀಟರಿನ ಜೊತೆ ಒಂದು ಬಲ್ಬನ್ನೂ ಇಟ್ಟುಕೊಂಡೇ ಬೋಟು ಹತ್ತುವುದು. ನೀನೂ ಹಾಗೇ ಮಾಡು. ಆ ತಂತಿಯನ್ನು ಎರಡೂ ಕೊನೆಯಲ್ಲಿ ಬಿಚ್ಚು. ಫ್ಯೂಸಿನ ಮೂಲಕ 12 ವೋಲ್ಟು ಕೊಟ್ಟು, ಅದೇ ತಂತಿಯಿಂದ ಒಂದು ಬಲ್ಬು ಉರಿಸು. 21 ವ್ಯಾಟಿನ ಇಂಡಿಕೇಟರ್ ಬಲ್ಬು ಬೇಡ, ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಅಷ್ಟು ಸಪೂರ ತಂತಿಗೆ ಜಾಸ್ತಿ, 1 ಆಂಪಿಯರಿನ ಫ್ಯೂಸೂ ಹೋಗುತ್ತದೆ. 5 ವ್ಯಾಟಿನದ್ದು ತಗೋ, 0.4 ಆಂಪಿಯರ್. ಆಮೇಲೆ ಹ್ಯಾಂಗರಿನ ದೀಪ ಆರಿಸಿ, ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ನಿಧಾನ ತಿರುಗಿಸು, ಬುಡದಲ್ಲಿ ತಂತಿಯನ್ನು ಬೆರಳಲ್ಲಿ ಮಡಚು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ಸಿಕ್ಕಿತು. ಮಿಟುಕಿಸದಿದ್ದರೆ ತಂತಿ ಜೋಡಿಸಿ ಬಟನ್ ನೋಡು. ಒತ್ತಿ ಹಿಡಿದು ರಿಲೇಯ ಬಳಿ, ಬಟನ್ನಿನಿಂದ ಬರುವ ತಂತಿಯಲ್ಲಿ ಅರ್ಥ್‌ಗೆ ವೋಲ್ಟು ಅಳೆ. ಸೊನ್ನೆಯ ಹತ್ತಿರ ಇರಬೇಕು. ಎರಡೋ ಮೂರೋ ವೋಲ್ಟು ಉಳಿದರೆ ಬಟನ್ನಿನ ಒಳಗೇ ಕೊಳೆ. ರಿಲೇ ಟಕ್ ಎನ್ನುವುದನ್ನೂ ಕೇಳು. ಕಿವಿಗಿಂತ ಬೇಗ ಹೇಳುವ ಮೀಟರ್ ಇಲ್ಲ.

ಸರ್ವೋದಿಂದ ಬರುವ ಐದು ತಂತಿಯಲ್ಲಿ ಬಣ್ಣದ ಪಟ್ಟೆ ಇರುವ ಮೂರಕ್ಕೆ ಬ್ಯಾಟರಿ ಮುಟ್ಟಿಸಬೇಡ ಮಾರಾಯ್ತಿ. ಅವು ಟ್ರಿಮ್ ಎಲ್ಲಿದೆ ಎಂದು ತೋರಿಸುವ ಸೆನ್ಸರಿನವು, ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಇಂಡಿಕೇಟರ್ ಸರಿ ತೋರಿಸುತ್ತಿದೆ ಎಂದ ಮಾತ್ರಕ್ಕೆ ಮೋಟಾರಿನ ದಾರಿ ಸರಿ ಎಂದೂ ತಿಳಿಯಬೇಡ, ಅದರ ದಾರಿ ಬೇರೆ.

ತಂತಿ ತುಂಡಾದದ್ದು ಸಿಕ್ಕಿದರೆ ಅಲ್ಲೇ ಕತ್ತರಿಸಿ ಜೋಡಿಸಬೇಡ. ಮಡಚುವ ಜಾಗದಲ್ಲಿ ಜೋಡಣೆ ನಿಲ್ಲುವುದಿಲ್ಲ. ಹಿಡಿಯಿಂದ ನೆಲದಡಿಯ ಕನೆಕ್ಟರಿನವರೆಗೆ ಇಡೀ ತಂತಿ ಹೊಸದು ಹಾಕು. ಒಂದು ಕೆಟ್ಟರೆ ಅದರ ಜೊತೆ ಅಷ್ಟೇ ವರ್ಷ ಮಡಚಿದ ಉಳಿದವೂ ಅದೇ ಸರದಿಯಲ್ಲಿ ಇರುತ್ತವೆ, ಎಲ್ಲವನ್ನೂ ಬದಲಿಸು. ತವರ ಲೇಪಿಸಿದ, ಸಣ್ಣ ಎಳೆ ಜಾಸ್ತಿ ಇರುವ ವಿಮಾನದ ತಂತಿಯನ್ನೇ ತಗೋ. ಅಂಗಡಿಯ ಪಿವಿಸಿ ತಂತಿ ಬೆಂದರೆ ಹೊಗೆ ತುಂಬುತ್ತದೆ. ಸಿಪ್ಪೆ ಸುಲಿಯುವಾಗ ಬ್ಲೇಡು ಎಳೆಗೆ ತಾಗಿದರೆ ಅಲ್ಲಿಂದಲೇ ಮುಂದೆ ತುಂಡಾಗುವುದು. ಕೊಳವೆಯ ತೂತಿನ ಅಂಚನ್ನು ಅರ ಹಾಕಿ ನುಣ್ಣಗೆ ಮಾಡಿ ರಬ್ಬರ್ ಬಳೆ ಕೂರಿಸು, ಹೊರಗೆ ಒಂದು ಸಡಿಲ ಸುತ್ತು ಬಿಟ್ಟು ಎರಡೂ ಬದಿ ಕ್ಲಾಂಪ್ ಹಾಕು. ಬಟನ್ನಿಗೆ ಬೆಸುಗೆ ಹಾಕಲೇಬೇಕು, ಆದರೆ ಸೀಸ ಎಳೆಗಳೊಳಗೆ ಏರಿ ನಿಂತಲ್ಲಿ ತಂತಿ ಗಡುಸಾಗಿ ಮುರಿಯುತ್ತದೆ. ಅಲ್ಲಿ ಮಡಚದ ಹಾಗೆ ಮೇಲೆ ಸ್ಲೀವ್ ಏರಿಸು. ಈ ಪ್ಯಾರಾ ನಿನ್ನ ಗೆಳೆಯರಿಗೂ ಓದಿ ಹೇಳು.

ಎಲ್ಲ ಆದ ಮೇಲೆ ಬಾಲದ ಹಿಂದೆ ನೀನೇ ಹೋಗಿ ನಿಲ್ಲು, ಒಳಗೆ ಕೂತವರು ಮೂಗು ಮೇಲೆ ಎಂದು ಒತ್ತಲಿ. ಸಣ್ಣ ರೆಕ್ಕೆ ಕೆಳಗೆ ಹೋಗಬೇಕು. ಅದು ಕೆಳಗೆ ಹೋದರೆ ಗಾಳಿ ಎಲಿವೇಟರನ್ನು ಮೇಲಕ್ಕೆ ಎತ್ತುತ್ತದೆ, ಮೂಗು ಏಳುತ್ತದೆ. ಕಣ್ಣಿಗೆ ಉಲ್ಟಾ ಕಾಣುವುದರಿಂದ ಇಲ್ಲಿ ತಪ್ಪುವುದು ಸುಲಭ. ಟ್ರಿಮ್ಮಿಗೆ ಹೋಗುವ ಕರೆಂಟು ಕಡಿಯುವ ಬ್ರೇಕರ್ ಎಲ್ಲಿದೆ ಎಂದು ನೀನು ಚಿತ್ರದಲ್ಲಿ ಬರೆದಿಲ್ಲ. ಬೆಲ್ಟು ಕಟ್ಟಿ ಕೂತು, ಕಣ್ಣು ಮುಚ್ಚಿ, ಕೈ ಚಾಚಿ ಅದನ್ನು ಎಳೆಯಲು ಆಗಬೇಕು. ಆಗದಿದ್ದರೆ ಅದರ ಜಾಗ ಬದಲಿಸು. ಹಲಗೆ ಹೇಗೂ ತೆರೆದೇ ಉಂಟು.

ಅಮ್ಮ ಇವತ್ತು ಪತ್ರೊಡೆ ಮಾಡಿದ್ದಳು. ನಿನ್ನ ವಿಮಾನದ ಮಾತು ಬಂದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ, ನಿನಗೆ ಗೊತ್ತುಂಟು. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯ ವಿಮಾನ ದುರಂತದಲ್ಲಿ 158 ಜನ ಹೋದದ್ದು ಅವಳಿಗೆ ಇನ್ನೂ ನಿನ್ನೆಯ ಸಂಗತಿ. ಅದಕ್ಕೂ ತಂತಿಗೂ ಸಂಬಂಧ ಇಲ್ಲ. ಆದರೆ ಆ ವಿಚಾರಣೆಯ ವರದಿಯಲ್ಲಿದ್ದ ಒಂದು ವಿಷಯ ನನ್ನ ತಲೆಯಿಂದ ಹೋಗುವುದಿಲ್ಲ. ಇಳಿಯಬೇಡ, ಇನ್ನೊಂದು ಸುತ್ತು ಹಾಕೋಣ ಎಂದು ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ಹೇಳಿದ್ದರಂತೆ. ನಾನು ನಿನ್ನ ಪಕ್ಕದಲ್ಲಿ ಕೂತಿಲ್ಲ. ಅದಕ್ಕೆ ಇಲ್ಲಿಂದ ಬರೆದು ಹೇಳುತ್ತಿದ್ದೇನೆ.

ನಿನ್ನನ್ನು ನಿಲ್ಲಿಸಲು ಇದನ್ನು ಬರೆದದ್ದಲ್ಲ. ನೀನು ಕಟ್ಟಿದ ವಿಮಾನ ನೆಲ ಬಿಡುವ ದಿನ ನಾನು ಧಕ್ಕೆಯಲ್ಲಿ ಎಲ್ಲರಿಗೂ ಚಾ ಕೊಡಿಸುತ್ತೇನೆ, ಹೇಳಿ ಇಟ್ಟಿದ್ದೇನೆ ಕೂಡ.

ತುಂಡಾದ ತಂತಿ ಸಿಕ್ಕಿದರೆ ಎಸೆಯಬೇಡ. ಬುಡದ ಆ ಎರಡಿಂಚು ಕತ್ತರಿಸಿ ಒಂದು ಕವರಿನಲ್ಲಿ ಹಾಕಿ ಕಳಿಸು. ಆ ಪಂಪಿನ ಲಗ್ಗು ನನ್ನ ಟೂಲ್ಸ್ ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ಇನ್ನೂ ಉಂಟು. ಅದರ ಪಕ್ಕ ಇಡುತ್ತೇನೆ.

ಇಂತಿ ನಿನ್ನ
ಅಪ್ಪ