ಕ್ಲೇರ್‌ನ ಅಡುಗೆಮನೆಗಳಿಗೆ ನಾನು ಋಣಿ

ಕಳೆದ ವಾರ ವೈವಾ ಮುಗಿಯಿತು. ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಟ್ಟರೆ ಪಿಎಚ್‌ಡಿ ಕೈಗೆ ಬಂದಂತೆ. ಶುಭಾಶಯ ಹೇಳಿದ ಎಲ್ಲರಿಗೂ ವಂದನೆ. ಅವರಲ್ಲಿ ಅರ್ಧ ಜನ, "ಅಲ್ಲ ಕಣೇ, ಐರ್ಲೆಂಡಿನ ಹಳ್ಳಿಗಳಿಗೆ ಕರೆಂಟು ಬಂದದ್ದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?" ಅಂತಲೂ ಕೇಳಿದ್ದೀರಿ. ಕೃತಜ್ಞತೆ ಹೇಳುವ ನೆಪದಲ್ಲಿ ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ.

ನಾನು ಮಳವಳ್ಳಿ ಕಡೆಯವಳು. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು ಅಂತ ಎದೆಯುಬ್ಬಿಸಿ ಹೇಳುತ್ತಿದ್ದ ನಮ್ಮ ತಾತ, "ನಮ್ಮನೆಗೆ ಯಾವಾಗ ಬಂತು?" ಅಂದರೆ ಮಾತು ಬದಲಿಸುತ್ತಿದ್ದರು. ಡಬ್ಲಿನ್‌ಗೆ ಬಂದ ಮೇಲೆ ಅದೇ ಕತೆ ಇನ್ನೊಂದು ನದಿಯ ದಡದಲ್ಲಿ ಸಿಕ್ಕಿತು. ಶಾನನ್ ನದಿಗೆ ಆರ್ಡ್ನಕ್ರುಶಾದಲ್ಲಿ ಸೀಮೆನ್ಸ್ ಕಂಪನಿ ಕಟ್ಟಿದ ಜಲವಿದ್ಯುತ್ ಕೇಂದ್ರ 1929ರಲ್ಲಿ ಶುರುವಾಯಿತು. ಆಗಷ್ಟೇ ಹುಟ್ಟಿದ್ದ ದೇಶಕ್ಕೆ ಅದು ದೊಡ್ಡ ಹೆಮ್ಮೆ. ಬೆಳಕು ಮಾತ್ರ ನಗರಕ್ಕೆ, ಪೇಟೆಗೆ. ಹಳ್ಳಿಯ ರೈತರ ಸರದಿ ಬರಲು ಮಹಾಯುದ್ಧ ಮುಗಿಯಬೇಕಾಯಿತು. 1946ರ ನವೆಂಬರ್ 5ರಂದು ಡಬ್ಲಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಕಿಲ್ಸಲ್ಲಗನ್‌ನಲ್ಲಿ ಗ್ರಾಮೀಣ ವಿದ್ಯುದೀಕರಣದ ಮೊದಲ ಕಂಬ ನೆಟ್ಟರು. ಕೆರಿ ಕೌಂಟಿಯ ಬ್ಲ್ಯಾಕ್ ವ್ಯಾಲಿ ಅನ್ನುವ ಕಣಿವೆಗೆ ದೀಪ ಬರುವಷ್ಟರಲ್ಲಿ 1970ರ ದಶಕವೇ ಮುಗಿಯುತ್ತ ಬಂದಿತ್ತು.

ಇದರಲ್ಲಿ ರಾಜಕೀಯ ಎಲ್ಲಿದೆ ಅಂದರೆ, ಸರದಿಯಲ್ಲೇ ಇದೆ. ಇಎಸ್‌ಬಿ, ಅಂದರೆ ಅಲ್ಲಿನ ವಿದ್ಯುತ್ ಮಂಡಳಿ, ಚರ್ಚಿನ ಪ್ಯಾರಿಷನ್ನೇ, ಅಂದರೆ ಒಬ್ಬ ಪಾದ್ರಿಯ ವ್ಯಾಪ್ತಿಯ ಊರುಗಳನ್ನೇ, ಹೆಚ್ಚುಕಡಿಮೆ ಒಂದು ಘಟಕ ಅಂತ ಇಟ್ಟುಕೊಂಡಿತು. ಹಾಕಿದ ಬಂಡವಾಳಕ್ಕೆ ಎಲ್ಲಿ ಹೆಚ್ಚು ಆದಾಯ ಹುಟ್ಟುತ್ತದೋ ಅಲ್ಲಿಗೆ ಮೊದಲು ತಂತಿ. ಹಾಗಾಗಿ ಪಾದ್ರಿಗಳು, ಮೇಷ್ಟ್ರುಗಳು ಮನೆಮನೆ ಸುತ್ತಿ, ಕರೆಂಟು ಹಾಕಿಸಿಕೊಳ್ಳುತ್ತೇವೆ ಅಂತ ಸಹಿ ಹಾಕಿಸಿದರು. ಸಹಿ ಹಾಕಿದವರಲ್ಲಿ ಎಷ್ಟೋ ಜನ, ಕಂಬ ಹೊತ್ತ ಲಾರಿ ಬಂದಾಗ "ಬೇಡ" ಅಂದುಬಿಟ್ಟರು. ದೀಪ ಉರಿಯಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕವೊಂದಿತ್ತು, ಮನೆಯ ವಿಸ್ತೀರ್ಣ ನೋಡಿ ಹಾಕುತ್ತಿದ್ದದ್ದು. ಇದು ಹಿಂಬಾಗಿಲಿನ ಕಂದಾಯ ಅನ್ನುವುದು ಗಂಡಸರ ಅನುಮಾನ. ನನ್ನ ಕೇಳಿದರೆ ಪೂರ್ತಿ ತಪ್ಪು ಅನುಮಾನವೇನಲ್ಲ.

ಈ "ಬೇಡ" ಅಂದವರ ಒಳಮನೆಯ ಕತೆ ಯಾವ ಫೈಲಿನಲ್ಲೂ ಇರಲಿಲ್ಲ. ಅದನ್ನು ಕೊಟ್ಟದ್ದು ಕ್ಲೇರ್ ಕೌಂಟಿಯ ಅಜ್ಜಿಯರು. ಅವರಲ್ಲೊಬ್ಬರ ಮನೆ ಆರ್ಡ್ನಕ್ರುಶಾಕ್ಕೆ ಕೂಗಳತೆ ದೂರ. ಬಿಸ್ಕತ್ತಿನ ಹಳೇ ಡಬ್ಬಿ ತೆಗೆದು, ಅವ್ವನ ಕಾಲದ ಕರೆಂಟ್ ಬಿಲ್ಲುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ನಿಗದಿತ ಶುಲ್ಕದ ಸಾಲಿನ ಪಕ್ಕದಲ್ಲೆಲ್ಲ ಪೆನ್ಸಿಲಿನಲ್ಲಿ ಬರೆದ ಸಣ್ಣ ಲೆಕ್ಕ: ಇಷ್ಟು ಡಜನ್ ಮೊಟ್ಟೆ. ಐರಿಷ್ ರೈತಾಪಿ ಮನೆಗಳಲ್ಲಿ ಕೋಳಿ, ಮೊಟ್ಟೆಯ ದುಡ್ಡು ಹೆಂಗಸಿನದು. ಅಪ್ಪ ಒಲ್ಲೆ ಅಂದಾಗ ಅವ್ವ, "ಬಿಲ್ಲು ನಾನು ಕಟ್ಟುತ್ತೇನೆ" ಅಂದಳಂತೆ. ಮೊದಲು ಹಚ್ಚಿದ್ದು ಯೇಸುವಿನ ಪವಿತ್ರ ಹೃದಯದ ಪಟದ ಮುಂದಿನ ಕೆಂಪು ದೀಪ. ಅದಕ್ಕೆ ಅಪ್ಪನೂ ಎದುರಾಡುವಂತಿರಲಿಲ್ಲ! ಪ್ರಬಂಧದ ನಾಲ್ಕನೇ ಅಧ್ಯಾಯ ನಿಂತಿರುವುದು ಆ ಪೆನ್ಸಿಲ್ ಗುರುತುಗಳ ಮೇಲೆ. ಪರೀಕ್ಷಕರು ಹೆಚ್ಚು ಹೊತ್ತು ಚರ್ಚಿಸಿದ್ದೂ ಅದನ್ನೇ. ಅಜ್ಜಿ, ಇದರ ಶ್ರೇಯಸ್ಸು ನಿಮ್ಮದು, ನಿಮ್ಮ ಅವ್ವನದು.

ಕೋವಿಡ್‌ನಲ್ಲಿ ಪತ್ರಾಗಾರಗಳ ಬಾಗಿಲು ಮುಚ್ಚಿದಾಗ ಈ ಕೆಲಸ ಇಲ್ಲಿಗೇ ನಿಂತಿತು ಅಂದುಕೊಂಡಿದ್ದೆ. ಸ್ಕಾಲರ್‌ಶಿಪ್ಪೂ ನಡುವೆಯೇ ಮುಗಿಯಿತು. ರಾತ್ರಿ ಪಾಳಿಯಲ್ಲಿ ಹೋಟೆಲಿನ ರಿಸೆಪ್ಷನ್‌ನಲ್ಲಿ ಕೂತು ಅಡಿಟಿಪ್ಪಣಿ ಸರಿಮಾಡಿದ ದಿನಗಳ ಬಗ್ಗೆ ಹೆಚ್ಚೇನೂ ಬರೆಯಲಾರೆ. ಆಗ ತಮ್ಮ ಬಳಿಯಿದ್ದ ಸ್ಕ್ಯಾನ್ ಪ್ರತಿಗಳನ್ನೆಲ್ಲ ಹುಡುಕಿ ಕಳಿಸಿದ ಪತ್ರಾಗಾರದ ಸಿಬ್ಬಂದಿಗೆ, "ಬರೆದದ್ದು ಎಷ್ಟಾದರೂ ಸರಿ, ತಿಂಗಳಿಗೊಮ್ಮೆ ಕಳಿಸು" ಅಂತ ಪಟ್ಟು ಹಿಡಿದ ಗೈಡ್ ಮೇಡಂಗೆ, ಬಾಡಿಗೆ ತಡವಾದರೂ ತುಟಿಪಿಟಿಕ್ಕೆನ್ನದ ಮನೆಯೊಡತಿಗೆ, ಡಬ್ಬಿ ತುಂಬ ಬಿಸಿಬೇಳೆಬಾತ್ ತಂದಿಟ್ಟು ಹೋಗುತ್ತಿದ್ದ ಡಬ್ಲಿನ್‌ನ ಕನ್ನಡದ ಗೆಳತಿಯರಿಗೆ ಏನು ಹೇಳಿದರೂ ಕಡಿಮೆ. ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ, ಆದರೂ ಹೇಳುತ್ತಿದ್ದೇನೆ.

ತಿದ್ದುಪಡಿ ಮುಗಿದ ಕೂಡಲೇ ಪ್ರಬಂಧದ ಒಂದು ಪ್ರತಿ ಕ್ಲೇರ್‌ನ ಗ್ರಂಥಾಲಯಕ್ಕೆ ಹೋಗುತ್ತದೆ. ಮಾತಾಡಿಸಿದ ಪ್ರತಿ ಮನೆಗೂ ಅವರವರ ಅಧ್ಯಾಯವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ನಾನೇ ಕೊಟ್ಟು ಬರುತ್ತೇನೆ. ಬಿಲ್ಲುಗಳ ಅಜ್ಜಿ ಈಗಾಗಲೇ ಷರತ್ತು ಹಾಕಿದ್ದಾರೆ: ಅಪ್ಪನ ಬಗ್ಗೆ ಬರೆದಿರುವ ಪುಟವನ್ನು ಅವರಿಗೆ ಮೊದಲು ತೋರಿಸಬೇಕಂತೆ.