ಸುಂಕದವರು ಸುಖದುಃಖ ಕೇಳಿದರು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಜ್ಜಿ ಮಾತುಮಾತಿಗೆ ಹೇಳುತ್ತಿದ್ದರು. ಕಳೆದ ವಾರ ನಮ್ಮ ಗುಂಪಿನ ಹತ್ತನೇ ಈರುಳ್ಳಿ ಕಂಟೇನರ್ ಚೆನ್ನೈ ಬಂದರಿನಿಂದ ಮಲೇಷ್ಯಾಕ್ಕೆ ಹೊರಟಿತು. ಅಜ್ಜಿಯ ಗಾದೆ ಒಂದು ಸಲವಾದರೂ ಸುಳ್ಳಾಗಿದೆ. ಅದನ್ನು ಸುಳ್ಳು ಮಾಡಿದವರಿಗೆ ಈ ಬರಹ.

ನಾವು ಚಿಕ್ಕಬಳ್ಳಾಪುರ ತಾಲ್ಲೂಕಿನ 22 ಮನೆಯವರು. ಬೆಳೆಯೋದು ಗುಲಾಬಿ ಈರುಳ್ಳಿ. 2015ರಲ್ಲಿ ‘ಬೆಂಗಳೂರು ಗುಲಾಬಿ ಈರುಳ್ಳಿ’ ಅಂತ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನೋ ಗುರುತು, ಸಿಕ್ಕಿತಲ್ಲ, ಅದೇ. ಗಾತ್ರ ಸಣ್ಣದು, ಘಾಟು ಜಾಸ್ತಿ. ನಮ್ಮೂರ ಸಂತೆಯಲ್ಲೇ ಇದನ್ನು ಕೇಳೋರು ಕಡಿಮೆ. ಮಲೇಷ್ಯಾ, ಸಿಂಗಾಪುರದವರು ತಿಂದರೆ ನಮಗೆ ಊಟ.

2023ರ ಆಗಸ್ಟ್ 19ಕ್ಕೆ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಬಿತ್ತು. ಆಗ ನಮ್ಮ ಲೋಡ್ ಚೆನ್ನೈ ದಾರಿಯಲ್ಲಿತ್ತು. ದೇಶದೊಳಗೆ ಬೆಲೆ ಏರಬಾರದು ಅನ್ನೋದು ಸರಿ. ಆದರೆ ಇಲ್ಲಿ ಜಾಸ್ತಿ ಯಾರೂ ಕೊಳ್ಳದ ಈರುಳ್ಳಿಗೂ ಅದೇ ಸುಂಕ! ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು, ಷರತ್ತಿನ ಜೊತೆ. ಇದು ಗುಲಾಬಿ ಈರುಳ್ಳಿಯೇ, ತೂಕ ಇಷ್ಟೇ ಅಂತ ರಾಜ್ಯದ ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟ್ ಇರಬೇಕಿತ್ತು. ಕಾಗದ ಹೊಂದಿಸೋದು ಕಲಿಯುವಷ್ಟರಲ್ಲಿ ಡಿಸೆಂಬರ್ 8ಕ್ಕೆ ರಫ್ತೇ ಬಂದ್. ಮತ್ತೆ ಬಾಗಿಲು ತೆರೆದಿದ್ದು 2024ರ ಮೇ 4ಕ್ಕೆ, ವಿನಾಯಿತಿ ಮರಳಿದ್ದು ಆ ತಿಂಗಳ ಕೊನೆಗೆ. ಆ ನಡುವಿನ ತಿಂಗಳುಗಳ ಬಗ್ಗೆ ಬರೆಯಲು ಮನಸ್ಸಿಲ್ಲ. ಎರಡು ಮನೆಯವರು ಒಡವೆ ಅಡ ಇಟ್ಟರು, ಅಷ್ಟು ಸಾಕು.

ಬಾಗಿಲು ತೆರೆದ ಮೇಲೆ ಹೋದ ಮೊದಲ ಲೋಡ್ ಕೂಡ ಸಿಕ್ಕಿಹಾಕಿಕೊಂಡಿತು. ಕಾರಣ ಕೇಳಿದರೆ ನಗು ಬರುತ್ತೆ. ಶೆಡ್‌ನಲ್ಲಿ ತೂಕ ಮಾಡಿ ಸರ್ಟಿಫಿಕೇಟಿಗೆ ಕೊಟ್ಟೆವು. ಕಾಗದ ಕೈಗೆ ಬರಲು ಐದು ದಿನ. ಅಷ್ಟರಲ್ಲಿ ಬಲೆ ಚೀಲದೊಳಗೆ ಈರುಳ್ಳಿ ಒಣಗಿ ತೂಕ ಇಳಿದಿತ್ತು. ಸರ್ಟಿಫಿಕೇಟ್ ಒಂದು ಹೇಳುತ್ತೆ, ಲಾರಿ ತೂಗುವ ವೇಬ್ರಿಡ್ಜ್ ಚೀಟಿ ಇನ್ನೊಂದು ಹೇಳುತ್ತೆ. ಎಲ್ಲ ಸರಿಹೋಗುವ ಹೊತ್ತಿಗೆ ಚೀಲದ ತೂತುಗಳಿಂದ ಹಸಿರು ಮೊಳಕೆ ಇಣುಕುತ್ತಿತ್ತು.

ಬಂದರಿನಲ್ಲಿ ನಮ್ಮ ಪರವಾಗಿ ಸುಂಕದ ಕಾಗದಪತ್ರ ನೋಡಿಕೊಳ್ಳುವ ಕಸ್ಟಮ್ಸ್ ಬ್ರೋಕರ್ ಅಣ್ಣ ಅದರ ಫೋಟೊ ಇಟ್ಟುಕೊಂಡಿದ್ದರು. ಕಸ್ಟಮ್ಸ್‌ನವರು, ಅಂದರೆ ಸುಂಕದವರು, ರಫ್ತುದಾರರು ಮತ್ತು ಬ್ರೋಕರ್‌ಗಳ ಜೊತೆ ಕೂತು ಮಾತಾಡುವ ಕಾಯಂ ಸಮಿತಿ ಒಂದಿದೆ. ಅಲ್ಲಿ ಆ ಫೋಟೊ ತೋರಿಸಿದರು. ಅಧಿಕಾರಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆಯಂತೆ: ‘ತೂಕ ಯಾವತ್ತು ಮಾಡ್ತಾರೆ?’ ಇಷ್ಟು ದಿನ ನಮಗೇ ಹೊಳೆದಿರಲಿಲ್ಲ ನೋಡಿ.

ಅಲ್ಲಿಂದ ಕ್ರಮ ಬದಲಾಯಿತು. ಮೊದಲು ಒಣಗಿಸಿ, ಆರಿಸಿ, ಆಮೇಲೆ ತೂಕ. ತೂಕದ ದಿನ ತೋಟಗಾರಿಕೆ ಇಲಾಖೆಯ ಮೇಡಂ ಶೆಡ್‌ಗೇ ಬರತೊಡಗಿದರು. ಬ್ರೋಕರ್ ಅಣ್ಣ ಚೆನ್ನೈನಿಂದ ವಿಡಿಯೋ ಕಾಲ್‌ನಲ್ಲಿ ತಕ್ಕಡಿ ನೋಡಿ ಬರೆದುಕೊಳ್ಳತೊಡಗಿದರು. ಮೂವರ ಲೆಕ್ಕದಲ್ಲೂ ಒಂದೇ ಅಂಕಿ. ಕಾಗದಗಳು ಆನ್‌ಲೈನ್‌ನಲ್ಲಿ ಮುಂದೆ ಹೋದವು, ಲೋಡ್ ಹಿಂದಿನಿಂದ.

ಇದಕ್ಕೆ ಸರ್ಕಾರಿ-ಖಾಸಗಿ ಸಹಭಾಗಿತ್ವ ಅಂತ ದೊಡ್ಡ ಹೆಸರಿದೆ. ಗಡಿಯಲ್ಲಿ ಸರಕು ಸಲೀಸಾಗಿ ದಾಟಲಿ ಅಂತ ಮಾಡಿದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸರಳೀಕರಣ ಒಪ್ಪಂದ 2017ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಸದಸ್ಯ ದೇಶದಲ್ಲೂ ಒಂದು ರಾಷ್ಟ್ರೀಯ ಸಮಿತಿ ಇರಬೇಕು. ನಮ್ಮಲ್ಲಿ 2016ರಲ್ಲೇ ಆಗಿದೆ, ವ್ಯಾಪಾರ ಸಂಘಗಳಿಗೂ ಅದರಲ್ಲಿ ಜಾಗವಿದೆ. ಅಷ್ಟು ದೊಡ್ಡ ಒಪ್ಪಂದ ನಮ್ಮ ಶೆಡ್‌ಗೆ ಬಂದು ಮುಟ್ಟುವಾಗ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ತಕ್ಕಡಿ, ಚಾರ್ಜ್ ಕಮ್ಮಿ ಇರುವ ಒಂದು ಮೊಬೈಲ್ ಆಗಿತ್ತು.

ಮೇಡಂ, ಮಳೆಯಲ್ಲಿ ಸ್ಕೂಟರ್ ಕೆಸರಲ್ಲಿ ಹೂತರೂ ಬಂದಿರಲ್ಲ, ಮರೆಯಲ್ಲ. ಬ್ರೋಕರ್ ಅಣ್ಣ, ಆ ಕೆಟ್ಟ ಲೋಡಿಗೆ ನೀವು ಫೀಸ್ ತಗೊಳ್ಳಲಿಲ್ಲ. ಹೆಸರು ಗೊತ್ತಿಲ್ಲದ ಆ ಕಸ್ಟಮ್ಸ್ ಸಾಹೇಬರಿಗೆ ಈ ಮಾತು ಯಾರಾದರೂ ತಲುಪಿಸಿ. ಇನ್ನು ಈರುಳ್ಳಿ ಆರಿಸುವ ನಮ್ಮ ಹೆಣ್ಣುಮಕ್ಕಳು. ಮೊಳಕೆ ಬರೋ ಗಡ್ಡೆಯನ್ನು ಮುಟ್ಟಿಯೇ ಹೇಳಿಬಿಡುತ್ತಾರೆ. ಅವರಿಲ್ಲದೆ ಹತ್ತರಲ್ಲಿ ಒಂದೂ ಹೋಗುತ್ತಿರಲಿಲ್ಲ. ಈ ಸಲ ಕೂಲಿ ಜಾಸ್ತಿ ಮಾಡಿದ್ದೇವೆ. ಇನ್ನೂ ಮಾಡಬೇಕು.

ಒಡವೆ ಒಂದು ಮನೆಯದು ಬಿಡಿಸಿಕೊಂಡಾಯಿತು. ಇನ್ನೊಂದು ಮುಂದಿನ ಲೋಡಿಗೆ.

ಬರೋ ಭಾನುವಾರ ಶೆಡ್‌ನಲ್ಲಿ ಮುದ್ದೆ, ಬಸ್ಸಾರು. ಎಲ್ಲರೂ ಬನ್ನಿ. ನೆಂಚಿಕೊಳ್ಳಲು ನಮ್ಮದೇ ಈರುಳ್ಳಿ ಇರುತ್ತೆ, ಕಣ್ಣಲ್ಲಿ ನೀರು ಬಂದರೆ ನಮ್ಮನ್ನು ಬೈಬೇಡಿ.