ಸರ್ವರ್ ಆಫ್ ಮಾಡುವ ಮೊದಲು ಒಂದೈದು ನಿಮಿಷ ನೋಡಿ

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆಯ ಮಂಡಿ, ಲ್ಯಾಬ್, ಸಹಕಾರ ಸಂಘ, ಹಾಸ್ಟೆಲ್ ಅಂತ ನಾನು ಕೆಲಸಕ್ಕೆ ಹೋಗುವ ಕಡೆಯೆಲ್ಲ ಯಾವುದೋ ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್ (ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವ, ಉಳಿದ ಕಂಪ್ಯೂಟರುಗಳಿಗೆಲ್ಲ ಮಾಹಿತಿ ಕೊಡುವ ಕಂಪ್ಯೂಟರ್) ಇದ್ದೇ ಇರುತ್ತದೆ. ಬಿಲ್ಲು, ಲೆಕ್ಕ, ಸ್ಟಾಕು ಎಲ್ಲ ಅದರ ಮೇಲೆ. ಅದರ ಕನೆಕ್ಷನ್ ಆಗಾಗ ಕಡಿದು ಹೋಗುವ ತೊಂದರೆಯೂ ಬಹಳ ಕಡೆ ಇದೆ. ಅದಕ್ಕೆ ಎಲ್ಲರೂ ಮಾಡುವುದು ಒಂದೇ, ಬಟನ್ ಒತ್ತಿ ಆಫ್ ಮಾಡಿ ಆನ್ ಮಾಡುವುದು. ದಯವಿಟ್ಟು ಇದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ.

ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತಲ್ಲ ಅಂತ ನೀವು ಹೇಳಬಹುದು. ಹೋಗುತ್ತದೆ, ಸ್ವಲ್ಪ ಹೊತ್ತು. ಆದರೆ ತೊಂದರೆ ಎಲ್ಲಿತ್ತು ಎಂದು ಹೇಳುವ ಗುರುತುಗಳು ಅದರ ಜೊತೆ ಅಳಿಸಿ ಹೋಗುತ್ತವೆ. ನೆಟ್‌ವರ್ಕ್ ಕಾರ್ಡ್ ಎಷ್ಟು ಪ್ಯಾಕೆಟ್ (ಮಾಹಿತಿಯ ಚಿಕ್ಕ ಚಿಕ್ಕ ತುಂಡು) ಕೆಟ್ಟು ಬಂದವು, ಎಷ್ಟು ಬಿದ್ದು ಹೋದವು ಎಂದು ಲೆಕ್ಕ ಇಟ್ಟಿರುತ್ತದೆ. ಆಫ್ ಮಾಡಿದ ಕೂಡಲೇ ಆ ಲೆಕ್ಕ ಸೊನ್ನೆ. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಮೆಮೊರಿಯಲ್ಲಿ ಬರೆದುಕೊಂಡ 'ಲಿಂಕ್ ಡೌನ್', 'ಲಿಂಕ್ ಅಪ್' ಸಾಲುಗಳೂ ಹೋಗುತ್ತವೆ, ಜರ್ನಲ್ ಎಂಬ ದಾಖಲೆಯನ್ನು ಡಿಸ್ಕಿಗೆ ಬರೆಯುವ ಹಾಗೆ ಮೊದಲೇ ಮಾಡಿಟ್ಟಿದ್ದರೆ ಮಾತ್ರ ಉಳಿಯುತ್ತವೆ. ಹಾಗಾಗಿ ನಮ್ಮಂಥವರು ಬಂದು ನೋಡುವ ಹೊತ್ತಿಗೆ ಎಲ್ಲ ಚೆನ್ನಾಗಿರುತ್ತದೆ, ನಾವು ಹೊರಟ ಮೇಲೆ ಮತ್ತೆ ಶುರು.

ಎಪಿಎಂಸಿ ಕಡೆಯ ಒಂದು ಮಂಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೆಕ್ಕೆಜೋಳದ ಸೀಸನ್. ಲಾರಿ ಸಾಲುಗಟ್ಟಿ ನಿಂತಿವೆ, ಹೊರಗೆ ರೈತರು ಬಿಲ್ಲಿಗೆ ಕಾಯುತ್ತಿದ್ದಾರೆ, ಒಳಗೆ ಸರ್ವರ್ ಸಿಗುತ್ತಿಲ್ಲ. ವಿಚಿತ್ರ ಏನೆಂದರೆ ಒಂದು ಕೌಂಟರಿನಲ್ಲಿ ಬಿಲ್ಲು ಬರುತ್ತದೆ, ಪಕ್ಕದ ಕೌಂಟರಿನಲ್ಲಿ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಇದು ಸರಿಯಾಗಿ ಅದು ನಿಲ್ಲುತ್ತದೆ. ನೆಟ್‌ವರ್ಕ್ ಕಾರ್ಡ್ ಬದಲಿಸಿದ್ದರು. ಹೊಸ ಸರ್ವರೇ ತಗೊಳ್ಳಿ ಎಂದು ಯಾರೋ ಕೊಟೇಶನ್ನೂ ಕೊಟ್ಟು ಹೋಗಿದ್ದರು. ಸಾಹುಕಾರರು ಹೆಚ್ಚುಕಮ್ಮಿ ಒಪ್ಪಿಕೊಂಡಿದ್ದರು.

ಅಲ್ಲಿ ದಾರಿ ತೋರಿಸಿದ್ದು ಗುಮಾಸ್ತರೊಬ್ಬರ ಪುಸ್ತಕ. ಕನೆಕ್ಷನ್ ಹೋದಾಗಲೆಲ್ಲ ಅವರು ಟೈಮ್ ಬರೆದಿಟ್ಟಿದ್ದರು. ನೋಡಿದರೆ ಲಾರಿ ತೂಕ ನಡೆಯುವಾಗ ಮಾತ್ರ ಹೋಗುತ್ತಿತ್ತು. ಕೌಂಟರಿನ ಒಂದು ಕಂಪ್ಯೂಟರಿನಿಂದ ಸರ್ವರಿನ ಐಪಿ ಅಡ್ರೆಸ್ಸಿಗೆ (ನೆಟ್‌ವರ್ಕಿನಲ್ಲಿ ನಾವು ಕೊಡುವ ನಂಬರ್) ಆರ್ಪಿಂಗ್ ಹಾಕಿದಾಗ, ಅಂದರೆ ಈ ಅಡ್ರೆಸ್ ಯಾರದು ಎಂದು ಕೇಳುವ ಕಮಾಂಡ್ ಕೊಟ್ಟಾಗ, ಉತ್ತರ ಎರಡು ಬೇರೆ ಬೇರೆ ಮ್ಯಾಕ್ ಅಡ್ರೆಸ್ಸಿನಿಂದ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಬಂತು. ಒಂದು ಸರ್ವರಿನದು. ಇನ್ನೊಂದು ಲಾರಿ ತೂಕ ಮಾಡುವ ವೇ ಬ್ರಿಡ್ಜ್ ರೂಮಿನ ಕ್ಯಾಮೆರಾ ರೆಕಾರ್ಡರಿನದು! ಆ ರೂಮ್ ತೆಗೆದಾಗ ಮಾತ್ರ ಅದು ಆನ್ ಆಗುತ್ತಿತ್ತು. ಯಾರೋ ಅದನ್ನು ರಿಸೆಟ್ ಮಾಡಿದ್ದರು, ಅದು ಫ್ಯಾಕ್ಟರಿಯಿಂದ ಬಂದ ತನ್ನ ಹಳೇ ಅಡ್ರೆಸ್ಸಿಗೆ ವಾಪಸ್ ಹೋಗಿತ್ತು, ಅದೇ ಅಡ್ರೆಸ್ ಸರ್ವರಿಗೂ ಇತ್ತು. ಯಾವ ಐಪಿ ಯಾವ ಮ್ಯಾಕ್‌ನದು ಎಂದು ಪ್ರತಿ ಕಂಪ್ಯೂಟರೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಸರಿಯಾದ ಉತ್ತರ ಸಿಕ್ಕ ಕೌಂಟರಿಗೆ ಬಿಲ್ಲು ಬಂತು, ತಪ್ಪು ಉತ್ತರ ಸಿಕ್ಕ ಕೌಂಟರ್ ಕ್ಯಾಮೆರಾ ಡಬ್ಬಿಯ ಹತ್ತಿರ ಬಿಲ್ಲು ಕೇಳುತ್ತಾ ಕೂತಿತು. ರೆಕಾರ್ಡರಿಗೆ ಬೇರೆ ಅಡ್ರೆಸ್ ಕೊಟ್ಟ ಮೇಲೆ ತೊಂದರೆ ಮುಗಿಯಿತು. ಹೊಸ ಸರ್ವರ್ ತಂದು ಹಳೇ ಅಡ್ರೆಸ್ಸೇ ಕೊಟ್ಟಿದ್ದರೆ ಅದಕ್ಕೂ ಇದೇ ಗತಿ, ದುಡ್ಡು ಹೋಗುತ್ತಿತ್ತು ಅಷ್ಟೇ.

ಎಲ್ಲ ಕಡೆ ಕಾರಣ ಇದೇ ಇರುವುದಿಲ್ಲ. ಆದರೆ ಹುಡುಕುವ ಕ್ರಮ ಒಂದೇ, ಹತ್ತಿರದಿಂದ ದೂರಕ್ಕೆ. ಸರ್ವರಿನ ಮುಂದೆ ಕೂತು ಮೊದಲು ನಿಮ್ಮದೇ ರೂಟರಿಗೆ ಪಿಂಗ್ ಮಾಡಿ, ಅಂದರೆ ಒಂದು ಚಿಕ್ಕ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಕಮಾಂಡ್ ಹಾಕಿ. ಕೇಬಲ್ ಲೈನಿನಲ್ಲಿ ಅದು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ವಾಪಸ್ ಬರಬೇಕು, ಒಂದೂ ಕಳೆದು ಹೋಗಬಾರದು. ಅಲ್ಲೇ ಕಳೆದು ಹೋಗುತ್ತಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳ ಆಡುವುದು ದಂಡ, ತೊಂದರೆ ನಿಮ್ಮ ಗೋಡೆಯ ಒಳಗೇ ಇದೆ. ಅದು ಸರಿ ಇದ್ದರೆ 8.8.8.8ರಂಥ ಹೊರಗಿನ ಅಡ್ರೆಸ್, ಆಮೇಲೆ ಒಂದು ವೆಬ್‌ಸೈಟಿನ ಹೆಸರು. ನಂಬರಿಗೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್ಎಸ್ (ಹೆಸರನ್ನು ನಂಬರಿಗೆ ಬದಲಿಸುವ ವ್ಯವಸ್ಥೆ) ನೋಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲ ಡಿಎನ್ಎಸ್ ಸರ್ವರ್ ಉತ್ತರ ಕೊಡದಿದ್ದರೆ 5 ಸೆಕೆಂಡ್ ಕಾದು ಆಮೇಲೆ ಎರಡನೆಯದನ್ನು ಕೇಳುತ್ತದೆ. 'ನೆಟ್ ಸ್ಲೋ' ಎಂಬ ಎಷ್ಟೋ ದೂರುಗಳ ಹಿಂದೆ ಇರುವುದು ಪಟ್ಟಿಯಲ್ಲಿ ಮೊದಲು ಕೂತಿರುವ ಒಂದು ಸತ್ತ ಅಡ್ರೆಸ್.

ಗೋಡೆಯ ಒಳಗಿನ ತೊಂದರೆ ಎಂದರೆ ಮೊದಲ ಅನುಮಾನ ಕೇಬಲ್ ಮೇಲೆ. ಇಥ್‌ಟೂಲ್ ಎಂಬ ಕಮಾಂಡ್ ಹಾಕಿ ಸ್ಪೀಡ್ ನೋಡಿ. ಗಿಗಾಬಿಟ್ (1000 ಮೆಗಾಬಿಟ್) ಓಡಲು ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. 1000 ಇರಬೇಕಾದ ಕಡೆ 100 ಕಂಡರೆ ಎಲ್ಲೋ ಒಂದು ತಂತಿ ಕಡಿದಿದೆ, ಇಲ್ಲವೇ ಪಿನ್ ಸರಿಯಾಗಿ ಕೂತಿಲ್ಲ, ಹೆಗ್ಗಣ ಕಡಿದಿರುವುದನ್ನೂ ನೋಡಿದ್ದೇನೆ. ನೆಟ್‌ವರ್ಕ್ ಸ್ವಿಚ್ಚಿನಿಂದ (ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಡಬ್ಬಿ) ಸರ್ವರಿಗೆ ಕೇಬಲ್ 100 ಮೀಟರ್ ದಾಟಬಾರದು, ದೊಡ್ಡ ಗೋಡೌನುಗಳಲ್ಲಿ ಇದನ್ನು ಯಾರೂ ಅಳೆಯುವುದೇ ಇಲ್ಲ. ಇನ್ನೊಂದು, ಸರ್ವರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಸುಮ್ನೆ ಗೋಡೆಯ ಪ್ಲಗ್ಗಿಗೆ ಹಾಕಿರುತ್ತಾರೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಸ್ವಿಚ್ ಮತ್ತೆ ಮೊದಲಿನಿಂದ ಶುರುವಾಗಬೇಕು, ಬೈಗುಳ ಮಾತ್ರ ಸರ್ವರಿಗೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವುದು ಇದು: ಪಿಂಗ್ ಹೋಗುತ್ತದೆ, ಚಿಕ್ಕ ಪೇಜ್ ತೆಗೆಯುತ್ತದೆ, ದೊಡ್ಡ ಫೈಲ್ ಕಳಿಸಿದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಹೀಗಾದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ ನೋಡಿ. ಈಥರ್ನೆಟ್ ಒಂದು ಸಲಕ್ಕೆ 1500 ಬೈಟ್ ಒಯ್ಯುತ್ತದೆ. ಲೈನ್ ಪಿಪಿಪಿಓಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆಗಿದ್ದರೆ ಅದು ತನಗೆ 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಪ್ಯಾಕೆಟ್ ಒಡೆಯಬೇಡ ಎಂದು ಹೇಳಿ 1472 ಬೈಟಿನ ಪಿಂಗ್ ಕಳಿಸಿ, ಅದು ಹೋಗದೆ 1464 ಹೋದರೆ ವಿಷಯ ಇದೇ, ಯಾಕೆಂದರೆ ಪ್ಯಾಕೆಟ್ಟಿನ ಮೇಲೆ ವಿಳಾಸ ಬರೆಯುವ ಹೆಡರ್ 28 ಬೈಟ್ ಬೇರೆ. ದಾರಿ ಚಿಕ್ಕದಿದೆ ಎಂದು ಹೇಳುವ ಸಂದೇಶ ಬರುವುದು ಐಸಿಎಂಪಿ (ಪಿಂಗ್ ಕೂಡ ಬಳಸುವ, ನೆಟ್‌ವರ್ಕಿನ ತೊಂದರೆ ತಿಳಿಸುವ ಸಂದೇಶಗಳ ಬಗೆ) ಮೂಲಕ. ಸೇಫ್ಟಿ ಅಂತ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಮುಚ್ಚುವವರು ಆ ಸಂದೇಶವನ್ನೂ ಮುಚ್ಚುತ್ತಾರೆ. ಹಾಗೆ ಮಾಡಬೇಡಿ.

ಲೈನ್ ಕೊಟ್ಟವರಿಗೆ ದೂರು ಕೊಡುವಾಗ 'ನೆಟ್ ಬರ್ತಾ ಇಲ್ಲ ರೀ' ಎಂದರೆ ಅವರೂ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ತೊಂದರೆ ಇರುವಾಗಲೇ ಎಂಟಿಆರ್ (ದಾರಿಯಲ್ಲಿ ಬರುವ ಪ್ರತಿ ರೂಟರಿಗೂ ಒಂದು ಸಾಲು ತೋರಿಸುವ ಕಮಾಂಡ್) ಓಡಿಸಿ ಅದರ ಪ್ರತಿ ಕಳಿಸಿ. ಆದರೆ ಅದನ್ನು ಓದುವುದು ಗೊತ್ತಿರಬೇಕು. ನಡುವಿನ ಒಂದು ಸಾಲಿನಲ್ಲಿ ಮಾತ್ರ ಲಾಸ್ (ಕಳೆದು ಹೋದ ಪ್ಯಾಕೆಟ್) ಕಂಡು ಮುಂದಿನ ಸಾಲುಗಳು ಸರಿ ಇದ್ದರೆ ಅದು ತೊಂದರೆ ಅಲ್ಲ, ಆ ರೂಟರ್ ಇಂಥ ಪ್ರಶ್ನೆಗಳಿಗೆ ಕಡಿಮೆ ಉತ್ತರ ಕೊಡುತ್ತದೆ ಅಷ್ಟೇ. ಒಂದು ಕಡೆ ಶುರುವಾದ ಲಾಸ್ ಕೊನೆಯ ಸಾಲಿನವರೆಗೂ ಬಂದರೆ ಆಗ ಗಟ್ಟಿಯಾಗಿ ಕೇಳಿ.

ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಸರ್ವರ್ ಪಕ್ಕದಲ್ಲಿ ಒಂದು ಪುಸ್ತಕ ಇಡಿ. ಎಷ್ಟು ಗಂಟೆಗೆ ಹೋಯಿತು, ಎಲ್ಲರಿಗೂ ಹೋಯಿತಾ ಒಬ್ಬರಿಗೆ ಹೋಯಿತಾ, ಆಗ ಏನು ಆನ್ ಆಗಿತ್ತು, ಇಷ್ಟನ್ನು ಯಾರು ಬೇಕಾದರೂ ಬರೆಯಬಹುದು. ಪ್ರಿಂಟರ್, ಕ್ಯಾಮೆರಾ, ಹಾಜರಿ ಮೆಷಿನ್ ಎಲ್ಲದರ ಮೇಲೂ ಅದರ ಐಪಿ ಅಡ್ರೆಸ್ ಬರೆದು ಅಂಟಿಸಿ. ಈ ಊರಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜಿದೆ, ಆಮೇಲೆ ಇನ್ನೂ ಬಂದಿವೆ. ಕೊನೇ ವರ್ಷದ ಮಕ್ಕಳನ್ನು ನಿಮ್ಮ ಸರ್ವರ್ ರೂಮಿಗೆ ಕರೆಯಿರಿ. ಹುಳುಕು ಹತ್ತಿದ ನಿಜವಾದ ಲೈನ್ ಅವರಿಗೆ ಲ್ಯಾಬಿನಲ್ಲಿ ನೋಡಲು ಸಿಗುವುದಿಲ್ಲ, ನಿಮಗೆ ನೋಡುವವರು ಸಿಗುತ್ತಿಲ್ಲ. ಪತ್ರಿಕೆಯವರು ವಾರಕ್ಕೊಮ್ಮೆ ಇಂಥ ವಿಷಯಕ್ಕೆ ಸ್ವಲ್ಪ ಜಾಗ ಕೊಟ್ಟರೆ ನನ್ನಂತೆ ಕೆಲಸ ಮಾಡುವವರು ಬರೆಯಲು ತಯಾರಿದ್ದೇವೆ.

ಇಂತಿ,
ನಿಮ್ಮ ಓದುಗ,
ದಾವಣಗೆರೆ